ಸೂರ್ಯನ ಹಾಗೆ ಇನ್ನೊಬ್ಬ ಸೂರ್ಯ ಇದ್ದಾನೆಯೇ?

ಲೋಕದಲ್ಲಿ ಒಬ್ಬರ ಹಾಗೆ ಏಳು ಜನ ಇರುತ್ತಾರೆ ಎಂದು ನಮ್ಮ ಕಡೆ ಹೇಳುವುದುಂಟು. ಒಂಬತ್ತನೆಯ ತರಗತಿಯಲ್ಲಿ ಒಂದು ದಿನ ನಾನು ‘ಸೂರ್ಯ ಒಂದು ಸಾಮಾನ್ಯ ನಕ್ಷತ್ರ’ ಎಂದು ಕರಿಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸಾರ್, ಹಾಗಾದ್ರೆ ಸೂರ್ಯನ ಹಾಗೇ ಇರೋ ಇನ್ನೂ ಆರು ಸೂರ್ಯರು ಎಲ್ಲಿದ್ದಾರೆ?’ ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಗಂಟೆ ಹೊಡೆದು ಸಿಬ್ಬಂದಿ ಕೊಠಡಿಗೆ ಬಂದು ಕುಳಿತ ಮೇಲೆ ಆ ನಗು ಉಳಿಯಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಅದೇ ವಾಕ್ಯವನ್ನು ಬರೆಯುತ್ತಾ ಬಂದಿದ್ದೇನೆ. ಸೂರ್ಯ ಸಾಮಾನ್ಯ ಎಂದು ಹೇಳಬೇಕಾದರೆ ಅವನಂಥವರು ಬೇಕಾದಷ್ಟು ಮಂದಿ ಇದ್ದಾರೆ ಎಂದು ತೋರಿಸಬೇಕಲ್ಲವೇ? ಯಾರಾದರೂ ಹುಡುಕಿ ನೋಡಿದ್ದಾರೆಯೇ?

ಹುಡುಕಿದ್ದಾರೆ. ನಲವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಹುಡುಕುತ್ತಲೇ ಇದ್ದಾರೆ. ಆ ಹುಡುಕಾಟದ ಕಥೆ ನನ್ನ ಕರಿಹಲಗೆಯ ವಾಕ್ಯವನ್ನು ಸ್ವಲ್ಪ ಅಲುಗಾಡಿಸಿಯೇ ಬಿಟ್ಟಿತು.

ಮೊದಲು ಒಂದು ಕಷ್ಟವನ್ನು ಹೇಳಬೇಕು. ಮನುಷ್ಯರಲ್ಲಿ ತದ್ರೂಪಿಗಳನ್ನು ಗುರುತಿಸುವುದು ಸುಲಭ. ಮೂಗು, ಕಣ್ಣು, ನಡಿಗೆ ನೋಡಿದರೆ ಆಯಿತು. ನಕ್ಷತ್ರಕ್ಕೆ ಮೂಗೂ ಇಲ್ಲ, ನಡಿಗೆಯೂ ಇಲ್ಲ. ಎಷ್ಟೇ ದೊಡ್ಡ ದೂರದರ್ಶಕದಲ್ಲಿ ನೋಡಿದರೂ ಹೆಚ್ಚಿನ ನಕ್ಷತ್ರಗಳು ಬರಿಯ ಚುಕ್ಕೆಗಳು. ಆ ಚುಕ್ಕೆಯಿಂದ ನಮಗೆ ಬರುವುದು ಬೆಳಕು ಮಾತ್ರ. ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಮ್ಟ್ 1835ರಲ್ಲಿ, ನಕ್ಷತ್ರಗಳು ಯಾವ ವಸ್ತುವಿನಿಂದ ಆಗಿವೆ ಎಂಬುದನ್ನು ಮನುಷ್ಯ ಎಂದಿಗೂ ತಿಳಿಯಲಾರ ಎಂದು ಬರೆದ. ಅವನದು ಅವಸರದ ಮಾತೇನೂ ಆಗಿರಲಿಲ್ಲ. ಅಲ್ಲಿಗೆ ಹೋಗಿ ಒಂದು ಚಮಚ ತರುವಂತಿಲ್ಲವಲ್ಲ! ಅವನು ತೀರಿಕೊಂಡದ್ದು 1857ರಲ್ಲಿ. ಎರಡೇ ವರ್ಷಗಳಲ್ಲಿ ಅವನ ಮಾತು ಸುಳ್ಳಾಯಿತು.

ಕಪ್ಪು ಗೆರೆಗಳ ಲಿಪಿ

ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದಾಗ ಬಣ್ಣಗಳ ಪಟ್ಟಿ ಮೂಡುವುದನ್ನು ನಾವೆಲ್ಲ ಶಾಲೆಯಲ್ಲಿ ನೋಡಿದ್ದೇವೆ. ಇದಕ್ಕೆ ರೋಹಿತ ಎಂದು ಹೆಸರು. ಸೂರ್ಯನ ರೋಹಿತವನ್ನು ಬಹಳ ಅಗಲವಾಗಿ ಬಿಡಿಸಿ ನೋಡಿದರೆ ಅದು ಎಡೆಬಿಡದ ಕಾಮನಬಿಲ್ಲಲ್ಲ. ನಡುನಡುವೆ ಕಪ್ಪು ಗೆರೆಗಳಿವೆ. 1802ರಲ್ಲಿ ಇಂಗ್ಲೆಂಡಿನ ವುಲಾಸ್ಟನ್ ಕೆಲವನ್ನು ಕಂಡಿದ್ದ. 1814ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಐದುನೂರಕ್ಕೂ ಹೆಚ್ಚು ಗೆರೆಗಳನ್ನು ಎಣಿಸಿ ನಕ್ಷೆ ಬರೆದ. ಅವನು ಗಾಜು ಮಾಡುವ ಕುಶಲಿ. ಬಡತನದಲ್ಲಿ ಬೆಳೆದವನು, ಬಾಲ್ಯದಲ್ಲೇ ಅನಾಥನಾದವನು. ಗೆರೆಗಳನ್ನು ಅಷ್ಟು ಚೆನ್ನಾಗಿ ಅಳೆದವನಿಗೆ ಅವು ಏಕೆ ಬರುತ್ತವೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಅದನ್ನು ಬಿಡಿಸಿದವರು 1859ರಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್. ನಮ್ಮ ಪ್ರಯೋಗಶಾಲೆಯ ಬುನ್ಸೆನ್ ಬರ್ನರ್‌ನ ಅದೇ ಬುನ್ಸೆನ್. ಉರಿಯುವ ಜ್ವಾಲೆಗೆ ಒಂದು ಚಿಟಿಕೆ ಅಡಿಗೆ ಉಪ್ಪು ಹಾಕಿದರೆ ಅದು ಹಳದಿಯಾಗುತ್ತದೆ. ಅದು ಸೋಡಿಯಂನ ಗುರುತು. ಆ ಹಳದಿ ಬೆಳಕಿನ ತರಂಗಾಂತರ 589 ನ್ಯಾನೊಮೀಟರಿನ ಆಸುಪಾಸು. ಸೂರ್ಯನ ರೋಹಿತದಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಎರಡು ಕಪ್ಪು ಗೆರೆಗಳಿವೆ. ಸೂರ್ಯನ ಒಳಗಿನಿಂದ ಬರುವ ಬೆಳಕು ಹೊರಗಿನ, ಸ್ವಲ್ಪ ತಣ್ಣನೆಯ ಅನಿಲದ ಪದರವನ್ನು ದಾಟುವಾಗ ಅಲ್ಲಿನ ಸೋಡಿಯಂ ಪರಮಾಣುಗಳು ತಮ್ಮ ಪಾಲಿನ ಬಣ್ಣವನ್ನು ಹೀರಿಕೊಂಡುಬಿಡುತ್ತವೆ. ಉಳಿಯುವುದು ಕಪ್ಪು ಗೆರೆ. ಕಬ್ಬಿಣಕ್ಕೆ ಅದರದೇ ಗೆರೆಗಳು, ಸುಣ್ಣದಲ್ಲಿರುವ ಕ್ಯಾಲ್ಸಿಯಂಗೆ ಅದರದೇ ಗೆರೆಗಳು. ಯಾವ ಎರಡು ಧಾತುಗಳಿಗೂ ಒಂದೇ ಹೆಬ್ಬೆಟ್ಟಿನ ಗುರುತಿಲ್ಲ.

ಈ ವಿದ್ಯೆಯ ಒಂದು ಅಧ್ಯಾಯ ನಮ್ಮ ನಾಡಿನಲ್ಲೂ ನಡೆಯಿತು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟಿದ್ದರೆ, ಹೆಸರಾಂತ ಖಗೋಳ ಮನೆತನದ ಜಾನ್ ಹರ್ಷಲ್ ಎಂಬ ಯುವ ಸೈನ್ಯಾಧಿಕಾರಿ ರೋಹಿತದರ್ಶಕವನ್ನು ಹೊತ್ತು ಬಂದದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಗೆ. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ರೋಹಿತದಲ್ಲಿ ಹೊಳೆಯುವ ಗೆರೆಗಳು ಕಂಡವು. ಅಂದರೆ ಅವು ಕಾದ ಅನಿಲ. ಅವುಗಳಲ್ಲೊಂದು ಹಳದಿ ಗೆರೆ ಸೋಡಿಯಂನದಲ್ಲ, ಯಾವ ತಿಳಿದ ಧಾತುವಿನದೂ ಅಲ್ಲ ಎಂಬುದು ಮುಂದೆ ಖಚಿತವಾಯಿತು. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ಸೂರ್ಯನಲ್ಲಿ ಕಂಡ ಇಪ್ಪತ್ತೇಳು ವರ್ಷಗಳ ನಂತರ. ಜಮಖಂಡಿಯ ಮಕ್ಕಳಿಗೆ ಇದನ್ನು ಯಾರಾದರೂ ಹೇಳುತ್ತಾರೋ ಇಲ್ಲವೋ!

ಆದರೆ ಗೆರೆ ದಪ್ಪಗಿದ್ದರೆ ಆ ಧಾತು ಹೆಚ್ಚು, ತೆಳ್ಳಗಿದ್ದರೆ ಕಡಿಮೆ ಎಂದು ಲೆಕ್ಕ ಹಾಕಿದರೆ ಮೋಸಹೋಗುತ್ತೇವೆ. ಸೂರ್ಯನ ರೋಹಿತದಲ್ಲಿ ಕ್ಯಾಲ್ಸಿಯಂ ಗೆರೆಗಳ ಆರ್ಭಟವೇ ಹೆಚ್ಚು. ಹಾಗೆಂದು ಸೂರ್ಯ ಸುಣ್ಣದ ಗೂಡಲ್ಲ. ಪರಮಾಣು ಎಷ್ಟು ಬಿಸಿಯಾಗಿದೆ, ಎಷ್ಟು ಒತ್ತಡದಲ್ಲಿದೆ, ಎಲೆಕ್ಟ್ರಾನನ್ನು ಕಳೆದುಕೊಂಡಿದೆಯೋ ಇಲ್ಲವೋ ಎಂಬುದರ ಮೇಲೆ ಗೆರೆಯ ಬಲ ನಿಂತಿದೆ. ಈ ಲೆಕ್ಕದ ಕೀಲಿಕೈಯನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಹಾ. ಢಾಕಾ ಬಳಿಯ ಒಂದು ಹಳ್ಳಿಯ ಸಣ್ಣ ಅಂಗಡಿಕಾರನ ಮಗ. ಅವರ ಸಮೀಕರಣವನ್ನು ಹಿಡಿದು ಅಮೆರಿಕದ ಹಾರ್ವರ್ಡ್‌ನಲ್ಲಿ ಸಿಸಿಲಿಯಾ ಪೇನ್ ಎಂಬ ಇಪ್ಪತ್ತೈದರ ಯುವತಿ 1925ರಲ್ಲಿ ಲೆಕ್ಕ ಮಾಡಿದಾಗ, ನಕ್ಷತ್ರಗಳಲ್ಲಿ ಇರುವುದು ಬಹುಪಾಲು ಜಲಜನಕ ಮತ್ತು ಹೀಲಿಯಂ ಎಂದು ಬಂತು. ಹಿರಿಯ ವಿಜ್ಞಾನಿ ರಸೆಲ್ ಒಪ್ಪಲಿಲ್ಲ. ತನ್ನ ಪ್ರಬಂಧದಲ್ಲೇ ಆಕೆ ಈ ಫಲಿತಾಂಶ ನಿಜವಿರಲಾರದು ಎಂದು ಬರೆಯಬೇಕಾಯಿತು. ನಾಲ್ಕು ವರ್ಷಗಳ ನಂತರ, 1929ರಲ್ಲಿ, ರಸೆಲ್ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದು ಆಕೆ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡರು. ಸರಿಯಾದ ಉತ್ತರ ಬರೆದು ಮತ್ತೆ ಅಳಿಸಿಹಾಕುವ ಮಕ್ಕಳನ್ನು ಪರೀಕ್ಷಾ ಕೊಠಡಿಯಲ್ಲಿ ಕಂಡಾಗಲೆಲ್ಲ ನನಗೆ ಪೇನ್ ನೆನಪಾಗುತ್ತಾರೆ.

ತದ್ರೂಪಿಯ ಬೇಟೆ

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ. ಒಂದು ನಕ್ಷತ್ರ ಸೂರ್ಯನ ತದ್ರೂಪಿ ಎನ್ನಬೇಕಾದರೆ ಅದರ ಮೇಲ್ಮೈ ಉಷ್ಣತೆ, ತೂಕ, ಗಾತ್ರ, ವಯಸ್ಸು, ಅದರಲ್ಲಿರುವ ಧಾತುಗಳ ಪ್ರಮಾಣ ಎಲ್ಲವೂ ಹೊಂದಬೇಕು. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5770 ಕೆಲ್ವಿನ್. ನಕ್ಷತ್ರದ ಉಷ್ಣತೆಯನ್ನು ಅಳೆಯುವ ಉಷ್ಣಮಾಪಕ ಕಬ್ಬಿಣ ಎಂದರೆ ನಂಬುತ್ತೀರಾ? ಕಬ್ಬಿಣಕ್ಕೆ ಸಾವಿರಾರು ಗೆರೆಗಳಿವೆ. ಕೆಲವು ಗೆರೆಗಳು ತಣ್ಣಗಿರುವ ಪರಮಾಣುಗಳಿಂದಲೂ ಮೂಡುತ್ತವೆ, ಕೆಲವು ಚೆನ್ನಾಗಿ ಕಾದು ಉದ್ರೇಕಗೊಂಡ ಪರಮಾಣುಗಳಿಂದ ಮಾತ್ರ. ಎರಡೂ ಗುಂಪಿನಿಂದ ಕಬ್ಬಿಣದ ಪ್ರಮಾಣ ಒಂದೇ ಬರುವಂತೆ ಉಷ್ಣತೆಯನ್ನು ಹೊಂದಿಸಿದಾಗ ಸರಿಯಾದ ಅಂಕಿ ಸಿಗುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಮತ್ತು ಕಳೆದುಕೊಳ್ಳದ ಕಬ್ಬಿಣ ಇವೆರಡನ್ನೂ ಹೋಲಿಸಿದರೆ, ಸಹಾ ಅವರ ಸಮೀಕರಣದಿಂದ, ಮೇಲ್ಮೈಯ ಗುರುತ್ವ ತಿಳಿಯುತ್ತದೆ. ಒಂದು ಚುಕ್ಕೆಯ ಬೆಳಕಿನಿಂದ ಇಷ್ಟೆಲ್ಲ!

ಆದರೂ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ತಪ್ಪು ನುಸುಳುತ್ತದೆ. ಪರಮಾಣುಗಳ ಬಗ್ಗೆ ನಮಗಿರುವ ಅಂಕಿಅಂಶಗಳು ಅಷ್ಟು ನಿಖರವಲ್ಲ. ಇದಕ್ಕೆ ಸಂತೆಯಲ್ಲಿ ಬೆಲ್ಲ ಕೊಳ್ಳುವವರೆಲ್ಲ ಬಲ್ಲ ಒಂದು ಉಪಾಯವಿದೆ. ತಕ್ಕಡಿ ಸ್ವಲ್ಪ ವಾಲಿದ್ದರೂ, ಎರಡು ಅಚ್ಚುಗಳನ್ನು ಒಂದಾದ ಮೇಲೊಂದು ಅದೇ ತಟ್ಟೆಯಲ್ಲಿಟ್ಟು ತೂಗಿದರೆ ಯಾವುದು ಹೆಚ್ಚು, ಎಷ್ಟು ಹೆಚ್ಚು ಎಂಬುದು ಸರಿಯಾಗಿಯೇ ಗೊತ್ತಾಗುತ್ತದೆ. ತಕ್ಕಡಿಯ ದೋಷ ಎರಡಕ್ಕೂ ಒಂದೇ ಆದ್ದರಿಂದ ಕಳೆದುಹೋಗುತ್ತದೆ. ಹಾಗೆಯೇ ಸೂರ್ಯನ ರೋಹಿತ ಮತ್ತು ನಕ್ಷತ್ರದ ರೋಹಿತವನ್ನು ಒಂದೇ ದೂರದರ್ಶಕದಲ್ಲಿ, ಒಂದೇ ಉಪಕರಣದಲ್ಲಿ ತೆಗೆದು, ಗೆರೆಗೆ ಗೆರೆಯನ್ನು ಎದುರಿಟ್ಟು ಹೋಲಿಸುತ್ತಾರೆ. ನಕ್ಷತ್ರ ಸೂರ್ಯನನ್ನು ಹೋಲಿದಷ್ಟೂ ತಪ್ಪು ಕಡಿಮೆ. ಧಾತುಗಳ ಪ್ರಮಾಣವನ್ನು ನೂರಕ್ಕೆ ಒಂದೆರಡು ಪಾಲಿನಷ್ಟು ನಿಖರವಾಗಿ ಹೇಳಲು ಹೀಗೆ ಸಾಧ್ಯವಾಗಿದೆ.

ಇಲ್ಲೊಂದು ತಮಾಷೆಯಿದೆ. ನಕ್ಷತ್ರಗಳ ಮಂದ ಬೆಳಕಿಗಾಗಿ ಕಟ್ಟಿದ ಬೃಹತ್ ದೂರದರ್ಶಕವನ್ನು ಸೂರ್ಯನ ಕಡೆಗೆ ತಿರುಗಿಸುವಂತಿಲ್ಲ, ಉಪಕರಣ ಸುಟ್ಟೇಹೋದೀತು. ಹಾಗಾದರೆ ಸೂರ್ಯನ ರೋಹಿತ ಎಲ್ಲಿಂದ? ರಾತ್ರಿ ಹೊತ್ತು ವೆಸ್ಟಾ, ಸಿರಿಸ್‌ನಂಥ ಕ್ಷುದ್ರಗ್ರಹಗಳನ್ನು ನೋಡುತ್ತಾರೆ. ಅವುಗಳಿಗೆ ಸ್ವಂತ ಬೆಳಕಿಲ್ಲ. ಪ್ರತಿಫಲಿಸುವುದೆಲ್ಲ ಸೂರ್ಯನ ಬೆಳಕೇ. ಕಲ್ಲಿನುಂಡೆಯನ್ನು ಕನ್ನಡಿ ಮಾಡಿಕೊಂಡು ನಡುರಾತ್ರಿ ಸೂರ್ಯನನ್ನು ನೋಡುವ ಉಪಾಯ!

ಸೂರ್ಯನನ್ನು ಹೋಲುವ ನಕ್ಷತ್ರಗಳ ಪಟ್ಟಿಯನ್ನು 1970ರ ದಶಕದ ಕೊನೆಯಲ್ಲಿ ಹಾರ್ಡಾರ್ಪ್, ಆಮೇಲೆ ಪ್ಯಾರಿಸ್‌ನ ಕೇರೆಲ್ ದ ಸ್ಟ್ರಾಬೆಲ್ ಎಂಬ ವಿದುಷಿ ಹುಡುಕತೊಡಗಿದರು. ಹತ್ತಿರದಿಂದ ನೋಡಿದಾಗ ಒಂದೊಂದೇ ಅಭ್ಯರ್ಥಿ ಅನುತ್ತೀರ್ಣವಾಗುತ್ತಾ ಹೋಯಿತು. ಒಂದರ ವಯಸ್ಸು ಹೆಚ್ಚು, ಇನ್ನೊಂದರಲ್ಲಿ ಲೋಹ ಹೆಚ್ಚು. ಕೊನೆಗೆ 1997ರಲ್ಲಿ ಬ್ರೆಜಿಲ್‌ನ ಪೋರ್ಟೊ ಡಿ ಮೆಲೊ ಮತ್ತು ಡ ಸಿಲ್ವ ಎಂಬ ಇಬ್ಬರು, ವೃಶ್ಚಿಕ ರಾಶಿಯ ‘18 ಸ್ಕಾರ್ಪಿಯೈ’ ಎಂಬ ನಕ್ಷತ್ರವನ್ನು ಮುಂದಿಟ್ಟರು. ದೂರ ಸುಮಾರು 46 ಜ್ಯೋತಿರ್ವರ್ಷ. ಉಷ್ಣತೆ ಸೂರ್ಯನಿಗಿಂತ ಕೆಲವು ಹತ್ತು ಡಿಗ್ರಿ ಮಾತ್ರ ಹೆಚ್ಚು. ವ್ಯಾಸ ಸೂರ್ಯನದಕ್ಕಿಂತ ನೂರಕ್ಕೆ ಒಂದು ಪಾಲಿನಷ್ಟೇ ಹೆಚ್ಚು ಎಂದು 2011ರಲ್ಲಿ ನೇರವಾಗಿ ಅಳೆದೂ ನೋಡಿದರು.

ಆದರೆ ಲಿಥಿಯಂ ಎಡವಟ್ಟು ಮಾಡಿತು. ನಮ್ಮ ಮೊಬೈಲ್ ಬ್ಯಾಟರಿಯಲ್ಲಿರುವ ಆ ಹಗುರ ಲೋಹ ನಕ್ಷತ್ರಗಳಲ್ಲಿ ಬಲು ನಾಜೂಕು. ಸುಮಾರು 25 ಲಕ್ಷ ಡಿಗ್ರಿ ಶಾಖಕ್ಕೇ ನಾಶವಾಗುತ್ತದೆ. ಮೇಲಿನ ಪದರದ ಅನಿಲ ಕಾಲಾಂತರದಲ್ಲಿ ಆಳಕ್ಕೆ ಇಳಿದು ಬೆರೆತಂತೆ ಲಿಥಿಯಂ ಸವೆಯುತ್ತಾ ಹೋಗುತ್ತದೆ. ಉಲ್ಕಾಶಿಲೆಗಳಲ್ಲಿ ಇರುವುದಕ್ಕೆ ಹೋಲಿಸಿದರೆ ಸೂರ್ಯನ ಮೇಲ್ಮೈಯಲ್ಲಿ ಉಳಿದಿರುವುದು ನೂರೈವತ್ತರಲ್ಲಿ ಒಂದು ಪಾಲಿನಷ್ಟು. 18 ಸ್ಕಾರ್ಪಿಯೈಯಲ್ಲಿ ಸೂರ್ಯನದಕ್ಕಿಂತ ಮೂರು ಪಟ್ಟಿನಷ್ಟು ಇದೆ. ಸೂರ್ಯನಲ್ಲಿ ಲಿಥಿಯಂ ಇಷ್ಟು ಕಡಿಮೆ ಇರುವುದೇ ಅಪರೂಪವೇನೋ ಎಂಬ ಸಂದೇಹ ಬಂತು.

2007ರಲ್ಲಿ ಪೆರು ದೇಶದ ಹೊರ್ಹೆ ಮೆಲೆಂಡೆಸ್ ಮತ್ತು ಇವಾನ್ ರಮೀರೆಸ್ ಅದಕ್ಕೊಂದು ಉತ್ತರ ಕೊಟ್ಟರು. ಸುಮಾರು 200 ಜ್ಯೋತಿರ್ವರ್ಷ ದೂರದ ಎಚ್.ಐ.ಪಿ. 56948 ಎಂಬ ನಕ್ಷತ್ರದಲ್ಲಿ ಲಿಥಿಯಂ ಕೂಡ ಸೂರ್ಯನಷ್ಟೇ ಕಡಿಮೆ. 2012ರಲ್ಲಿ ಇನ್ನೂ ನಿಖರವಾಗಿ ಅಳೆದಾಗ ಉಷ್ಣತೆಯಲ್ಲಿ ಕಂಡ ವ್ಯತ್ಯಾಸ ಬರಿಯ 17 ಡಿಗ್ರಿ. 2013ರಲ್ಲಿ ಅವರ ತಂಡಕ್ಕೆ ಚಿಲಿಯ ದೊಡ್ಡ ದೂರದರ್ಶಕದಲ್ಲಿ ಎಚ್.ಐ.ಪಿ. 102152 ಎಂಬ ಇನ್ನೊಂದು ತದ್ರೂಪಿ ಸಿಕ್ಕಿತು. ಅದರ ವಯಸ್ಸು ಸುಮಾರು 820 ಕೋಟಿ ವರ್ಷ. ನಮ್ಮ ಸೂರ್ಯನದು 460 ಕೋಟಿ. ಅದರಲ್ಲಿ ಲಿಥಿಯಂ ಇನ್ನೂ ಕಡಿಮೆ. ಮೊಮ್ಮಗನ ಪಕ್ಕದಲ್ಲಿ ಅಜ್ಜನನ್ನು ನಿಲ್ಲಿಸಿ ಫೋಟೊ ತೆಗೆದಂತೆ ಆಯಿತು. ಲಿಥಿಯಂ ವಯಸ್ಸಾದಂತೆ ಸವೆಯುತ್ತದೆ ಎಂಬುದಕ್ಕೆ ಸಾಲಾಗಿ ಸಾಕ್ಷಿಗಳು ಸಿಕ್ಕವು. ಇಟ್ರಿಯಂ ಮತ್ತು ಮೆಗ್ನೀಸಿಯಂಗಳ ಅನುಪಾತವೂ ತದ್ರೂಪಿಗಳ ವಯಸ್ಸನ್ನು ಗಡಿಯಾರದ ಹಾಗೆ ಹೇಳುತ್ತದೆ ಎಂದು 2015ರಲ್ಲಿ ಡೆನ್ಮಾರ್ಕಿನ ನಿಸ್ಸೆನ್ ತೋರಿಸಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲೂ ಇದು ಆಗಾಗ ಕಲಸಿಹೋಗುತ್ತದೆ. ತದ್ರೂಪಿ ಬೇರೆ, ಒಡಹುಟ್ಟು ಬೇರೆ. ಸೂರ್ಯ ಹುಟ್ಟಿದ ಅದೇ ಅನಿಲದ ಮೋಡದಲ್ಲಿ ಹುಟ್ಟಿದವು ಒಡಹುಟ್ಟುಗಳು. 2014ರಲ್ಲಿ ರಮೀರೆಸ್ ತಂಡ ಅಂಥದ್ದಿರಬಹುದು ಎಂದು ಗುರುತಿಸಿದ ಎಚ್.ಡಿ. 162826 ಸೂರ್ಯನಿಗಿಂತ ಸುಮಾರು ನೂರಕ್ಕೆ ಹದಿನೈದರಷ್ಟು ಹೆಚ್ಚು ತೂಕದ್ದು. ಅಣ್ಣ ತಮ್ಮಂದಿರೆಲ್ಲ ಒಂದೇ ಥರ ಇರಬೇಕೆಂದೇನೂ ಇಲ್ಲವಲ್ಲ!

ಸೂರ್ಯ ಸಾಮಾನ್ಯನೇ?

ಈಗ ನನ್ನ ಕರಿಹಲಗೆಯ ವಾಕ್ಯ. ನಮ್ಮ ಆಕಾಶಗಂಗೆಯಲ್ಲಿ ನಾಲ್ಕರಲ್ಲಿ ಮೂರರಷ್ಟು ನಕ್ಷತ್ರಗಳು ಸೂರ್ಯನಿಗಿಂತ ತೀರ ಚಿಕ್ಕ, ಮಂಕಾದ ಕೆಂಪು ಕುಬ್ಜಗಳು. ಈ ಲೆಕ್ಕದಲ್ಲೇ ಸೂರ್ಯ ಸರಾಸರಿಗಿಂತ ಮೇಲೆ. ಅದಿರಲಿ, ತನ್ನಂಥವರ ನಡುವೆಯಾದರೂ ಅವನು ಸಾಮಾನ್ಯನೇ?

2009ರಲ್ಲಿ ಮೆಲೆಂಡೆಸ್ ತಂಡ ಹನ್ನೊಂದು ತದ್ರೂಪಿಗಳನ್ನು ಸೂರ್ಯನೊಡನೆ ಗೆರೆಗೆ ಗೆರೆ ಹೋಲಿಸಿತು. ಸೂರ್ಯನಲ್ಲಿ ಅಲ್ಯೂಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂನಂಥ ಧಾತುಗಳು ಅಂದರೆ ಸುಲಭವಾಗಿ ಆವಿಯಾಗದೆ ಬೇಗನೆ ಗಟ್ಟಿ ಕಣಗಳಾಗುವಂಥವು, ಇಂಗಾಲ ಮತ್ತು ಆಮ್ಲಜನಕಕ್ಕೆ ಹೋಲಿಸಿದರೆ ತದ್ರೂಪಿಗಳಲ್ಲಿ ಇರುವುದಕ್ಕಿಂತ ನೂರಕ್ಕೆ ಇಪ್ಪತ್ತರವರೆಗೆ ಕಡಿಮೆ ಕಂಡವು. ಕಬ್ಬಿಣ, ಕಲ್ಲು ಎಲ್ಲಿ ಹೋಯಿತು? ಬುಧ, ಶುಕ್ರ, ಭೂಮಿ, ಮಂಗಳ ಆಗಿರುವುದು ಇದೇ ಸಾಮಗ್ರಿಯಿಂದ! ಸೂರ್ಯನಿಗೆ ಸೇರಬೇಕಿದ್ದ ಕಲ್ಲುಮಣ್ಣು ಗ್ರಹಗಳಲ್ಲಿ ಉಳಿದುಹೋಯಿತು, ಅದಕ್ಕೇ ಸೂರ್ಯನ ಪಾಲು ಕಡಿಮೆ ಎಂಬುದು ಅವರ ಊಹೆ. ಹಾಗಿದ್ದರೆ ಒಂದು ನಕ್ಷತ್ರದ ಬೆಳಕನ್ನು ಬಿಡಿಸಿಯೇ ಅದಕ್ಕೆ ಭೂಮಿಯಂಥ ಗ್ರಹವಿದೆಯೋ ಇಲ್ಲವೋ ಎಂದು ಹೇಳಬಹುದು. ನಾನು ಇದನ್ನು ಓದಿದ ದಿನ ಅನ್ನ ಸೇರಲಿಲ್ಲ ಎಂದರೆ ಮನೆಯವರು ನಗುತ್ತಾರೆ.

ಆದರೆ ವಿಜ್ಞಾನದಲ್ಲಿ ಸಂತೋಷವನ್ನು ಕೂಡಲೇ ಹಂಚಿಕೊಳ್ಳಬಾರದು. 2018ರಲ್ಲಿ ಮೇಗನ್ ಬೆಡೆಲ್ ಮತ್ತು ಜೊತೆಗಾರರು 79 ಸೂರ್ಯಸದೃಶ ನಕ್ಷತ್ರಗಳಲ್ಲಿ 30 ಧಾತುಗಳನ್ನು ಅಳೆದರು. ನಕ್ಷತ್ರಗಳ ವಯಸ್ಸಿನ ಪರಿಣಾಮವನ್ನು ಕಳೆದ ಮೇಲೂ, ಸೂರ್ಯನ ಕೊರತೆ ನಿಜವೇ ಎಂದು ಕಂಡುಬಂತು. ಬಹುಪಾಲು ತದ್ರೂಪಿಗಳಿಗಿಂತ ಸೂರ್ಯ ಬೇರೆ. ಕಾರಣದ ಬಗ್ಗೆ ಮಾತ್ರ ಜಗಳವಿದೆ. ಗುರುಗ್ರಹ ಬೆಳೆಯುವಾಗ ತನ್ನ ಹೊರಗಿನ ಧೂಳು ಸೂರ್ಯನತ್ತ ಹೋಗದಂತೆ ತಡೆಗೋಡೆ ಕಟ್ಟಿತು ಎಂಬ ವಾದ 2020ರಲ್ಲಿ ಬಂತು. ಹಾಗಾದರೆ ಆ ಗುರುತು ಭೂಮಿಯದಲ್ಲ, ಗುರುವಿನದು. ಇನ್ನೊಂದು ಸಾಧ್ಯತೆ ಸ್ವಲ್ಪ ಭಯಂಕರವಾದದ್ದು. ಸೂರ್ಯನಲ್ಲಿ ಕಡಿಮೆಯಲ್ಲ, ಬೇರೆಯವರಲ್ಲೇ ಹೆಚ್ಚು. ಅವು ತಮ್ಮ ಗ್ರಹಗಳನ್ನೇ ನುಂಗಿವೆ! 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಟ್ಟಿಗೆ ಹುಟ್ಟಿದ 91 ಜೋಡಿ ನಕ್ಷತ್ರಗಳನ್ನು ಹೋಲಿಸಿ, ಹನ್ನೆರಡರಲ್ಲಿ ಒಂದಾದರೂ ಗ್ರಹವನ್ನು ನುಂಗಿದ ಕುರುಹು ತೋರಿಸುತ್ತದೆ ಎಂದಿತು. ಅಲ್ಲೂ ಸಾಕ್ಷಿ ಅದೇ ಕಬ್ಬಿಣದ, ಅಲ್ಯೂಮಿನಿಯಂನ ಕಪ್ಪು ಗೆರೆಗಳು.

ಇನ್ನೊಂದು ಬಗೆಯಲ್ಲೂ ಸೂರ್ಯ ಸಾಧುವಾಗಿ ಕಾಣುತ್ತಾನೆ. 2020ರಲ್ಲಿ 369 ಸೂರ್ಯಸದೃಶ ನಕ್ಷತ್ರಗಳ ಹೊಳಪನ್ನು ಪರಿಶೀಲಿಸಿದಾಗ ಅವುಗಳ ಏರಿಳಿತ ಸರಾಸರಿ ಸೂರ್ಯನದಕ್ಕಿಂತ ಐದು ಪಟ್ಟು ಎಂದು ಬಂತು. ಸೂರ್ಯ ಸ್ವಭಾವತಃ ಶಾಂತನೋ, ಈಗ ತಾತ್ಕಾಲಿಕವಾಗಿ ಸುಮ್ಮನಿದ್ದಾನೋ ಎಂಬುದು ಪ್ರಶ್ನೆ. ಇದಕ್ಕೂ ರೋಹಿತದಲ್ಲೇ ಒಂದು ಕೈಮರವಿದೆ: ಕ್ಯಾಲ್ಸಿಯಂನ ಎರಡು ಅಗಲ ಗೆರೆಗಳು, 393 ಮತ್ತು 397 ನ್ಯಾನೊಮೀಟರಿನ ಬಳಿ. ನಕ್ಷತ್ರ ಕೆರಳಿದಾಗ ಆ ಕಪ್ಪು ಗೆರೆಗಳ ನಡುವೆ ಬೆಳಕು ಮಿನುಗುತ್ತದೆ. ಅಮೆರಿಕದ ಓಲಿನ್ ವಿಲ್ಸನ್ 1966ರಿಂದ ಇದನ್ನು ವರ್ಷಗಟ್ಟಲೆ ಅಳೆದು, ನಮ್ಮ ಸೂರ್ಯನ 11 ವರ್ಷಗಳ ಕಲೆಗಳ ಚಕ್ರದಂಥದ್ದೇ ಬೇರೆ ನಕ್ಷತ್ರಗಳಲ್ಲೂ ಇದೆ ಎಂದು ತೋರಿಸಿದರು. 18 ಸ್ಕಾರ್ಪಿಯೈಯ ಚಕ್ರ ಸುಮಾರು ಏಳು ವರ್ಷ. ಇದೇ ಗೆರೆಯೊಳಗಿನ ಬೆಳಕಿನ ಅಗಲಕ್ಕೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಇರುವ ಸಂಬಂಧವನ್ನು 1957ರಲ್ಲಿ ವಿಲ್ಸನ್ ಜೊತೆಗೂಡಿ ಪ್ರಕಟಿಸಿದವರು ನಮ್ಮ ವೇಣು ಬಾಪು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು ಅವರೇ. ಆ ಸಂಸ್ಥೆಯ ಎರಡು ಮೀಟರ್ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯ ಬಳಿಯ ಕೇಂದ್ರದಲ್ಲಿ ಕುಳಿತು, ಉಪಗ್ರಹದ ಮೂಲಕ. ನಕ್ಷತ್ರಗಳ ಗೆರೆಗಳನ್ನು ಸೂಕ್ಷ್ಮವಾಗಿ ಬಿಡಿಸುವ ಉಪಕರಣ ಅದರಲ್ಲೂ ಇದೆ.

ಮನೆಯಲ್ಲಿ ಮಾಡಿನೋಡಬೇಕೆನ್ನುವವರಿಗೆ ಒಂದು ಪುಟ್ಟ ಪ್ರಯೋಗ. ಖಾಲಿ ಚಪ್ಪಲಿ ಡಬ್ಬಿಯ ಒಂದು ತುದಿಯಲ್ಲಿ ಎರಡು ಹಳೆಯ ಬ್ಲೇಡುಗಳ ನಡುವೆ ಕೂದಲೆಳೆಯಷ್ಟು ಸೀಳು ಬಿಡಿ (ಇದನ್ನು ದೊಡ್ಡವರೇ ಮಾಡಿಕೊಡಬೇಕು). ಇನ್ನೊಂದು ತುದಿಯಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಸಿ.ಡಿ.ಯನ್ನು ಓರೆಯಾಗಿ ನಿಲ್ಲಿಸಿ, ಮೇಲಿನಿಂದ ಅದನ್ನು ನೋಡಲು ಒಂದು ಕಿಂಡಿ ಕೊರೆಯಿರಿ. ಬೆಳಕು ಸೀಳಿನಿಂದ ಮಾತ್ರ ಒಳಬರಬೇಕು. ಸಿ.ಡಿ.ಯಲ್ಲಿ ಒಂದು ಮಿಲಿಮೀಟರಿಗೆ ಸುಮಾರು 625 ಗೀರುಗಳಿದ್ದು, ಅವೇ ಬೆಳಕನ್ನು ಬಿಡಿಸುತ್ತವೆ. ಎಲ್.ಇ.ಡಿ. ದೀಪದಲ್ಲಿ ಎಡೆಬಿಡದ ಬಣ್ಣ, ಹಳೆಯ ಟ್ಯೂಬ್‌ಲೈಟಿನಲ್ಲಿ ಪಾದರಸದ ಎದ್ದುಕಾಣುವ ಹಸಿರು ಗೆರೆ ಕಾಣುತ್ತದೆ. ಆಮೇಲೆ ಹಗಲಿನಲ್ಲಿ ಬಿಳಿಯ ಮೋಡದ ಕಡೆಗೆ ಹಿಡಿಯಿರಿ. ಸೂರ್ಯನತ್ತ ಎಂದಿಗೂ ಬೇಡ, ಕಣ್ಣು ಹೋದೀತು. ಸೀಳು ಸಾಕಷ್ಟು ಕಿರಿದಾಗಿದ್ದರೆ, ತಾಳ್ಮೆಯೂ ಇದ್ದರೆ, ಬಣ್ಣಗಳ ನಡುವೆ ತೆಳುವಾದ ಕಪ್ಪು ಗೆರೆಗಳು ಕಾಣುತ್ತವೆ. ಫ್ರಾನ್‌ಹೋಫರ್ ಕಂಡದ್ದು ಅವನ್ನೇ. ನಮ್ಮ ಶಾಲೆಯಲ್ಲಿ ಮೊದಲ ಡಬ್ಬಿ ಕೆಲಸ ಮಾಡಲಿಲ್ಲ, ಸೀಳು ಅಗಲವಾಗಿತ್ತು. ಮೂರನೆಯದರಲ್ಲಿ ಗೆರೆ ಕಂಡವಳು ಆ ಹಿಂದಿನ ಬೆಂಚಿನ ಹುಡುಗಿಯೇ.

ಆಕೆಯ ಆರು ಸೂರ್ಯರ ಲೆಕ್ಕ? ತದ್ರೂಪಿ ಎಂದರೆ ಎಷ್ಟು ಕಟ್ಟುನಿಟ್ಟು ಎಂಬುದರ ಮೇಲೆ ನಿಂತಿದೆ. ಸ್ವಲ್ಪ ಸಡಿಲ ಬಿಟ್ಟರೆ ನೂರರ ಹತ್ತಿರ ಸಿಗುತ್ತವೆ. ಬಿಗಿ ಮಾಡಿದರೆ ಒಂದು ಕೈಬೆರಳೇ ಹೆಚ್ಚಾಗಬಹುದು. ಕರಿಹಲಗೆಯಲ್ಲಿ ಈಗ ‘ಸಾಮಾನ್ಯ’ ಎಂಬ ಪದದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ.

18 ಸ್ಕಾರ್ಪಿಯೈಯನ್ನು ಬರಿಗಣ್ಣಿನಿಂದಲೇ ನೋಡಬಹುದು. ಆದರೆ ಊರಿನ ದೀಪಗಳಿಂದ ದೂರ, ಚಂದ್ರನಿಲ್ಲದ ರಾತ್ರಿ ಬೇಕು. ಇಲ್ಲದಿದ್ದರೆ ಒಂದು ಬೈನಾಕ್ಯುಲರ್ ಇರಲಿ. ಜೂನ್ ತಿಂಗಳಲ್ಲಿ ಮಳೆಮೋಡ ಸರಿದ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ದಕ್ಷಿಣದಲ್ಲಿ ಚೇಳಿನ ಎದೆಯ ಕೆಂಪು ಜ್ಯೇಷ್ಠಾ ನಕ್ಷತ್ರವನ್ನು ಗುರುತಿಸಿ, ಅಲ್ಲಿಂದ ಉತ್ತರಕ್ಕೆ ಸುಮಾರು 22 ಡಿಗ್ರಿ, ಎಂದರೆ ತೋಳು ಚಾಚಿ ಹಿಡಿದ ಒಂದು ಗೇಣಿನಷ್ಟು ಮೇಲೆ ಹೋಗಿ. ಅಲ್ಲಿ ಉರಗಧರ ರಾಶಿಯ ಅಕ್ಕಪಕ್ಕದ ಎರಡು ನಕ್ಷತ್ರಗಳು ಜೋಡಿಯಾಗಿ ಕಾಣುತ್ತವೆ. ಅವುಗಳ ಕೆಳಗೆ ನಾಲ್ಕು ಡಿಗ್ರಿಯಷ್ಟು ದೂರದಲ್ಲಿ ಆ ಮಂಕು ಚುಕ್ಕೆ. ಅಲ್ಲಿ ಯಾರಾದರೂ ಇದ್ದು ಇತ್ತ ನೋಡಿದರೆ ವೃಷಭ ರಾಶಿಯ ದಿಕ್ಕಿನಲ್ಲಿ ನಮ್ಮ ಸೂರ್ಯ ಅವರಿಗೂ ಹೆಚ್ಚುಕಡಿಮೆ ಅಷ್ಟೇ ಮಂಕಾಗಿ ಕಂಡಾನು.